ಸ್ಪೇರ್ ರೈಫಲ್ ಕೊಳ್ಳುವ ಮೊದಲು ಸ್ಕೋಪಿನ ತಿರುಪು ನೋಡಿ

ಓದುಗರ ಪ್ರಶ್ನೆ: ಸರ್, ನಾನು ವಿರಾಜಪೇಟೆ ಕಡೆಯವನು. ಈಗ ಕೊಲರಾಡೊದಲ್ಲಿ, ಡೆನ್ವರ್ ಹತ್ತಿರ ಇದ್ದೇನೆ. ಗ್ರೀನ್ ಕಾರ್ಡ್ ಇದೆ. ಪ್ರತಿ ವರ್ಷ ಸ್ನೇಹಿತರ ಜೊತೆ ಮೀಕರ್ ಕಡೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೋಗುತ್ತೇನೆ. ನನ್ನ ಹತ್ತಿರ ಇರುವುದು ಒಂದೇ ರೈಫಲ್, .308 ವಿಂಚೆಸ್ಟರ್ ತೋಟಾದ ಟಿಕ್ಕಾ ಟಿ3ಎಕ್ಸ್. ಕಳೆದ ಸೀಸನ್ನಿನಲ್ಲಿ ಎರಡನೇ ದಿನವೇ ಹಿಮದಲ್ಲಿ ಜಾರಿಬಿದ್ದೆ. ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಬಂಡೆಗೆ ಬಡಿಯಿತು. ಆಮೇಲೆ ಗುರಿ ಒಂದು ಕಡೆ, ಗುಂಡು ಒಂದು ಕಡೆ. ಉಳಿದ ದಿನವೆಲ್ಲ ಕ್ಯಾಂಪಿನಲ್ಲಿ ಅಡುಗೆ ಮಾಡಿಕೊಂಡು ಕೂತೆ. ಈ ಸಲ ಒಂದು ಸ್ಪೇರ್ ಬೋಲ್ಟ್ ಆಕ್ಷನ್ (ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆದು ತೋಟಾ ತುಂಬುವ) ರೈಫಲ್ ಕೊಳ್ಳೋಣ ಅಂತಿದ್ದೇನೆ. ರೈಫಲ್‌ಗೆ 600 ಡಾಲರ್ ದಾಟುವ ಹಾಗಿಲ್ಲ. ಒಬ್ಬರು ‘400 ಡಾಲರಿನ ಪ್ಲಾಸ್ಟಿಕ್ ಕೋವಿ ಆಟದ ಸಾಮಾನು, ನೆಟ್ಟಗೆ ಹೊಡೆಯಲ್ಲ’ ಅನ್ನುತ್ತಾರೆ. ಇನ್ನೊಬ್ಬರು ಹಳೆಯ ರೆಮಿಂಗ್ಟನ್ 700 ಹುಡುಕು ಅನ್ನುತ್ತಾರೆ. ಮತ್ತೊಬ್ಬರು ‘ಹೇಗೂ ಎರಡನೇದು ತಗೋತೀಯ, ಎಲ್ಕ್‌ಗೆ .308 ಸಾಲದು, .300 ವಿಂಚೆಸ್ಟರ್ ಮ್ಯಾಗ್ನಂ ತಗೋ’ ಅನ್ನುತ್ತಾರೆ. ಅಕ್ಟೋಬರಿನಲ್ಲಿ ಚಿಕ್ಕಪ್ಪನ ಮಗ ವಿಸಿಟರ್ ವೀಸಾದಲ್ಲಿ ಬರುತ್ತಿದ್ದಾನೆ. ಸ್ಪೇರ್ ಇದ್ದರೆ ಅವನ ಕೈಗೆ ಕೊಡಬಹುದಾ? ರೈಫಲ್ ಜೊತೆ ಬೇರೆ ಏನೇನು ಕೊಳ್ಳಬೇಕು, ಅದನ್ನೂ ತಿಳಿಸಿ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಚಿಂತೆ ಬೆರೆತಿವೆ. ಕಡಿಮೆ ಬೆಲೆಯ ರೈಫಲ್ ನಂಬಬಹುದಾ ಅನ್ನುವುದು ಒಂದು. ಇನ್ನೊಂದು ಸೀಸನ್ ಹೀಗೆ ಹಾಳಾಗಬಾರದು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ: ನಂಬಬಹುದು. ಎರಡನೆಯದು ಮಾತ್ರ ಬರೀ ರೈಫಲ್ ಕೊಂಡರೆ ಬಗೆಹರಿಯುವುದಿಲ್ಲ. ಯಾಕೆಂದರೆ ಕಳೆದ ವರ್ಷ ನಿಮಗೆ ಕೈಕೊಟ್ಟದ್ದು ರೈಫಲ್ ಅಲ್ಲ, ಸ್ಕೋಪ್.

ಕೋವಿ ರಿಪೇರಿ ನನ್ನ ಕಸುಬು. ಅಕ್ಟೋಬರ್, ನವೆಂಬರ್ ಬಂತೆಂದರೆ ನಮ್ಮ ಅಂಗಡಿಯ ಕೌಂಟರಿಗೆ ‘ರೈಫಲ್ ಕೆಟ್ಟಿದೆ’ ಅಂತ ಬರುವವರ ಸಾಲೇ ಇರುತ್ತದೆ. ಅವುಗಳಲ್ಲಿ ನಿಜವಾಗಿ ನಳಿಗೆಯೋ ಬೋಲ್ಟೋ ಹಾಳಾದದ್ದು ಬಹಳ ಅಪರೂಪ. ಸ್ಕೋಪನ್ನು ಹಿಡಿದಿರುವ ತಿರುಪು ಸಡಿಲವಾಗಿರುತ್ತದೆ. ಇಲ್ಲವೇ ಸ್ಕೋಪ್ ಪೆಟ್ಟು ತಿಂದಿರುತ್ತದೆ. ಮ್ಯಾಗಜೀನ್ (ತೋಟಾ ತುಂಬುವ ಡಬ್ಬಿ) ಎಲ್ಲೋ ಬಿದ್ದುಹೋಗಿರುತ್ತದೆ. ಸ್ಟಾಕಿನ, ಅಂದರೆ ಕೋವಿ ಕೂತಿರುವ ಹಿಡಿಯ, ತಿರುಪು ಅರ್ಧ ಸುತ್ತು ಬಿಟ್ಟುಕೊಂಡಿರುತ್ತದೆ. ಇನ್ನು ಚಳಿ ಬಿದ್ದ ಮೇಲೆ ಒಂದು ಕೇಸು ತಪ್ಪದೆ ಬರುತ್ತದೆ: ‘ಟ್ರಿಗರ್ ಎಳೆದೆ, ಕ್ಲಿಕ್ ಅಂತು, ಈಡು ಹಾರಲಿಲ್ಲ.’

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಸ್ಪೇರ್ ಕೊಳ್ಳುವ ಮೊದಲೇ ಇದು ಗೊತ್ತಿರಬೇಕು. ಇಂಥ ರೈಫಲ್ ಬಂದಾಗ ನಾನು ಬೋಲ್ಟ್ ಹೊರಗೆ ತೆಗೆದು, ಫೈರಿಂಗ್ ಪಿನ್ ಬಿಚ್ಚಿ, ಅದರ ಸ್ಪ್ರಿಂಗ್ ನೋಡುತ್ತೇನೆ. ಸುರುಳಿಯ ಸಂದಿಸಂದಿಯಲ್ಲಿ ಕಂದು ಬಣ್ಣದ ಜಿಗುಟು. ಬೆರಳಿಗೆ ಹಲಸಿನ ಅಂಟಿನ ಹಾಗೆ ಹತ್ತುತ್ತದೆ. ವರ್ಷಗಟ್ಟಲೆ ‘ತುಕ್ಕು ಹಿಡಿಯದಿರಲಿ’ ಅಂತ ಹಾಕಿದ ಎಣ್ಣೆ ಅದು. ಬೇಸಿಗೆಯಲ್ಲಿ ರೇಂಜಿನಲ್ಲಿ (ಗುರಿ ಅಭ್ಯಾಸದ ಮೈದಾನದಲ್ಲಿ) ಅದರಿಂದ ತೊಂದರೆ ಕಾಣುವುದಿಲ್ಲ. ಬೆಟ್ಟದ ಮೇಲೆ ಬೆಳಗಿನ ಜಾವ ಪಾದರಸ ಸೊನ್ನೆಗಿಂತ ಕೆಳಗೆ ಇಳಿದಾಗ ಆ ಎಣ್ಣೆ ಗಟ್ಟಿಯಾಗುತ್ತದೆ. ಪಿನ್ ನಿಧಾನವಾಗಿ ಹೋಗಿ ತೋಟಾದ ತಳಕ್ಕೆ ಮೆಲ್ಲಗೆ ಮುಟ್ಟುತ್ತದೆ, ಅಷ್ಟೇ. ಸಾಲ್ವೆಂಟಿನಲ್ಲಿ ತೊಳೆದು, ಒಣಗಿಸಿ, ಎಣ್ಣೆಯ ಬರೀ ಪಸೆ ಉಳಿಸಿ ಜೋಡಿಸಿದರೆ ರೈಫಲ್ ಸರಿ. ಇದಕ್ಕೆ ಹೊಸ ರೈಫಲ್ ಕೊಂಡವರನ್ನೂ ನೋಡಿದ್ದೇನೆ. ಅವರು ಹೊಸದಕ್ಕೂ ಅದೇ ಎಣ್ಣೆ ಹಾಕುತ್ತಾರೆ.

ಹಾಗಾಗಿ ನಿಮ್ಮ ಟಿಕ್ಕಾವನ್ನೇ ಮೊದಲು ನೋಡೋಣ. ಅದರ ಸ್ಕೋಪನ್ನು ಬದಲಿಸಿದ್ದೀರಾ, ಹಳೆಯದನ್ನೇ ಮತ್ತೆ ಝೀರೋ ಮಾಡಿ (ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿ) ಬಿಟ್ಟಿದ್ದೀರಾ, ಬರೆದಿಲ್ಲ. ಬಂಡೆಗೆ ಬಡಿದ ಸ್ಕೋಪ್ ಹೊರಗಿನಿಂದ ಚೆನ್ನಾಗಿಯೇ ಕಾಣಬಹುದು. ಗುರಿ ತಿದ್ದುವ ಭಾಗ ಒಳಗಿದೆ. ಅಲ್ಲಿ ಸ್ಪ್ರಿಂಗ್ ಸಡಿಲವಾಗಿದ್ದರೆ ಇವತ್ತು ಝೀರೋ ಮಾಡಿದ್ದು ನಾಳೆ ಎರಡು ಇಂಚು ಆಚೆ ಹೋಗುತ್ತದೆ. ಪರೀಕ್ಷೆ ಸುಲಭ. ರೇಂಜಿನಲ್ಲಿ ಮೂರು ಗುಂಡು ಹೊಡೆಯಿರಿ. ಸ್ಕೋಪಿನ ಗುಂಡಿಯನ್ನು ಮೇಲಕ್ಕೆ ಇಪ್ಪತ್ತು ಕ್ಲಿಕ್, ಬಲಕ್ಕೆ ಇಪ್ಪತ್ತು ಕ್ಲಿಕ್ ತಿರುಗಿಸಿ. ಮತ್ತೆ ಅಷ್ಟೇ ಕ್ಲಿಕ್ ವಾಪಸ್ ತಂದು ಮೂರು ಹೊಡೆಯಿರಿ. ಗುಂಡು ಮೊದಲಿನ ಜಾಗಕ್ಕೇ ಬರಬೇಕು. ಬರದಿದ್ದರೆ ಮೊದಲ ಖರ್ಚು ಅಲ್ಲಿ.

ಸ್ಕೋಪ್ ಕೂರಿಸುವಾಗ ತಿರುಪನ್ನು ಕೈಯಂದಾಜಿನಲ್ಲಿ ಬಿಗಿಯಬೇಡಿ. ಇಂಚ್-ಪೌಂಡ್ ಅಳತೆಯ ಟಾರ್ಕ್ ಸ್ಕ್ರೂಡ್ರೈವರ್ ಬೇಕು. ಸ್ಕೋಪಿನ ಸುತ್ತ ಕೂರುವ ರಿಂಗಿನ ತಿರುಪಿಗೆ ಸಾಮಾನ್ಯವಾಗಿ 15ರಿಂದ 18 ಇಂಚ್-ಪೌಂಡ್ ಹೇಳುತ್ತಾರೆ. ನಿಮ್ಮ ರಿಂಗಿನ ಜೊತೆ ಬಂದ ಕಾಗದದಲ್ಲಿ ಇರುವುದೇ ಕೊನೆಯ ಮಾತು. ಜಾಸ್ತಿ ಬಿಗಿದರೆ ಸ್ಕೋಪಿನ ಕೊಳವೆ ಅದುಮಿಹೋಗುತ್ತದೆ, ಒಳಗಿನ ಭಾಗ ಸಿಕ್ಕಿಕೊಳ್ಳುತ್ತದೆ.

ಈಗ ನಿಮ್ಮ ಸ್ನೇಹಿತರ ಮಾತಿಗೆ ಬರೋಣ. ‘ಪ್ಲಾಸ್ಟಿಕ್ ಕೋವಿ ನೆಟ್ಟಗೆ ಹೊಡೆಯಲ್ಲ.’ ಮೂವತ್ತು ನಲವತ್ತು ವರ್ಷದ ಹಿಂದೆ ಇದರಲ್ಲಿ ಒಂದಷ್ಟು ಸತ್ಯ ಇತ್ತು. ಈಗ ಇಲ್ಲ. ಕಾರಣ ತಯಾರಿಕೆಯಲ್ಲಿದೆ.

ಬೋಲ್ಟ್ ಆಕ್ಷನ್ ರೈಫಲ್ ನಿಖರವಾಗಿ ಹೊಡೆಯಲು ಮುಖ್ಯವಾಗಿ ಬೇಕಾದದ್ದು ಒಳ್ಳೆಯ ನಳಿಗೆ, ತೋಟಾ ಸರಿಯಾಗಿ ಕೂರುವ ಚೇಂಬರ್, ಅಲುಗಾಡದ ಹಾಗೆ ಸ್ಟಾಕಿನಲ್ಲಿ ಕೂತ ಆಕ್ಷನ್ (ಬೋಲ್ಟ್ ಓಡಾಡುವ ಲೋಹದ ಭಾಗ). ಹಿಂದೆ ನಳಿಗೆಯನ್ನು ಆಕ್ಷನ್ನಿಗೆ ತಿರುಗಿಸಿ, ತೋಟಾ ಕೂರುವ ಅಂತರವನ್ನು ಹೊಂದಿಸುವುದು ನುರಿತ ಕೈಯ ಕೆಲಸ. ಸ್ಯಾವೇಜ್ ಕಂಪನಿ 1958ರಲ್ಲಿ ತಂದ 110 ಮಾದರಿಯಲ್ಲಿ ನಿಕೋಲಸ್ ಬ್ರೂವರ್ ಅನ್ನುವ ವಿನ್ಯಾಸಕಾರ ಇದಕ್ಕೆ ಒಂದು ನಟ್ ಇಟ್ಟ. ನಳಿಗೆಯನ್ನು ಅಳತೆಯ ಗೇಜ್‌ಗೆ ತಾಗುವವರೆಗೆ ತಿರುಗಿಸಿ, ಆ ನಟ್ ಬಿಗಿದರೆ ಮುಗಿಯಿತು. ಕೆಲಸ ಬೇಗ, ಅಳತೆ ಕರಾರುವಾಕ್ಕು, ಖರ್ಚು ಕಡಿಮೆ. ಇವತ್ತಿನ ಸ್ಯಾವೇಜ್ ಆಕ್ಸಿಸ್, ರೂಗರ್ ಅಮೆರಿಕನ್ ಎರಡರಲ್ಲೂ ನಳಿಗೆಯ ಬುಡದಲ್ಲಿ ಅಂಥ ನಟ್ ಇದೆ. ನೋಡೋಕೆ ಚೆಂದವಿಲ್ಲ ಅಂತ ಹಳೆಯ ಜನ ಮೂಗು ಮುರಿಯುತ್ತಾರೆ. ಗುಂಡಿಗೇನು, ಚೆಂದ ಕಟ್ಟಿಕೊಂಡು ಏನಾಗಬೇಕು? ಇದರ ಜೊತೆಗೆ ಕಂಪ್ಯೂಟರ್ ನಡೆಸುವ ಯಂತ್ರಗಳು ಬಂದವು. ಆಕ್ಷನ್, ಬೋಲ್ಟ್ ಎಲ್ಲ ಒಂದೇ ಅಳತೆಗೆ ಬರತೊಡಗಿದವು. ನಳಿಗೆಗೆ ದುಡ್ಡು ಹಾಕಿ ಉಳಿದದ್ದರಲ್ಲಿ ಉಳಿಸುವ ದಾರಿ ಕಂಪನಿಗಳಿಗೆ ಸಿಕ್ಕಿತು.

ಈ ದರ್ಜೆಯ ರೈಫಲ್ 100 ಗಜಕ್ಕೆ ಒಂದೂವರೆ ಇಂಚಿನೊಳಗೆ ಮೂರು ಗುಂಡು ಕೂರಿಸುವುದು ಈಗ ಮಾಮೂಲಿ. ಒಂದು ಇಂಚಿಗೆ ಇಳಿಯುವುದೂ ಉಂಟು. ಒಂದೂವರೆ ಇಂಚು ಅಂತಲೇ ಲೆಕ್ಕ ಹಿಡಿಯಿರಿ. 300 ಗಜಕ್ಕೆ ಅದು ಸುಮಾರು ನಾಲ್ಕೂವರೆ ಇಂಚಾಗುತ್ತದೆ. ಎಲ್ಕ್‌ನ ಎದೆಯ ಗೂಡಿನ ಗುರಿಜಾಗ ಹತ್ತು ಇಂಚಿಗೂ ಜಾಸ್ತಿ. ಮಂಡಿಯೂರಿ, ಏದುಸಿರು ಬಿಡುತ್ತಾ ಹೊಡೆಯುವ ನಮ್ಮ ಕೈ ಅಲುಗುವುದರ ಮುಂದೆ ಆ ನಾಲ್ಕೂವರೆ ಇಂಚು ದೊಡ್ಡ ವಿಷಯ ಅಲ್ಲ.

ಹಾಗಾದರೆ 1,000 ಡಾಲರಿನ ರೈಫಲ್‌ಗೂ ಇದಕ್ಕೂ ವ್ಯತ್ಯಾಸವೇ ಇಲ್ಲವಾ? ಇದೆ. ಅದು ಎಲ್ಲಿದೆ ಅಂತ ಗೊತ್ತಿದ್ದರೆ ಸಾಕು.

ದೊಡ್ಡ ಉಳಿತಾಯ ಸ್ಟಾಕಿನಲ್ಲಿ. ಅಚ್ಚಿನಲ್ಲಿ ಹೊಯ್ದ ಟೊಳ್ಳು ಪ್ಲಾಸ್ಟಿಕ್ ಅದು. ಹಿಂಭಾಗ ಪರವಾಗಿಲ್ಲ. ನಳಿಗೆಯ ಕೆಳಗೆ ಚಾಚಿಕೊಂಡಿರುವ ಮುಂಭಾಗ ಮಾತ್ರ ಬಳುಕುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಒಂದು ಡಾಲರ್ ನೋಟನ್ನು ನಳಿಗೆಗೂ ಸ್ಟಾಕಿಗೂ ನಡುವೆ ತೂರಿಸಿ, ಬುಡದವರೆಗೆ ಎಳೆಯಿರಿ. ಸಲೀಸಾಗಿ ಓಡಾಡಬೇಕು. ಈಗ ಸ್ಟಾಕಿನ ಮುಂಭಾಗವನ್ನೂ ನಳಿಗೆಯನ್ನೂ ಒಟ್ಟಿಗೆ ಹಿಡಿದು ಹಿಸುಕಿ. ನೋಟು ಸಿಕ್ಕಿಕೊಂಡಿತಾ? ಹಾಗಿದ್ದರೆ ಬೈಪಾಡ್ (ಎರಡು ಕಾಲಿನ ಊರೆ) ಹಾಕಿ ಭಾರ ಬಿಟ್ಟಾಗ, ಇಲ್ಲವೇ ಸ್ಲಿಂಗನ್ನು (ಕೋವಿಯ ಪಟ್ಟಿಯನ್ನು) ತೋಳಿಗೆ ಬಿಗಿದು ಹೊಡೆದಾಗ, ಸ್ಟಾಕ್ ನಳಿಗೆಯನ್ನು ಮುಟ್ಟುತ್ತದೆ. ಗುಂಡು ಬೀಳುವ ಜಾಗ ಬದಲಾಗುತ್ತದೆ. ರೇಂಜಿನಲ್ಲಿ ಮೆತ್ತಗಿನ ಮರಳುಚೀಲದ ಮೇಲಿಟ್ಟು ಹೊಡೆದಾಗ ಇದು ಗೊತ್ತೇ ಆಗುವುದಿಲ್ಲ. ಕಾಡಿನಲ್ಲಿ ಮರದ ಬೊಡ್ಡೆಗೆ ಒತ್ತಿ ಹೊಡೆದಾಗ ಗೊತ್ತಾಗುತ್ತದೆ. ಸ್ಟಾಕಿನ ಒಳಬದಿಯನ್ನು ಒಂದಿಷ್ಟು ಉಜ್ಜಿ ಸಂದು ಅಗಲ ಮಾಡಿಕೊಳ್ಳಬಹುದು. ಮರಳುಕಾಗದ ಸುತ್ತಿದ ಒಂದು ಕೋಲು ಸಾಕು. ಆದರೆ ಆಕ್ಷನ್ ಕೂರುವ ಜಾಗಕ್ಕೆ ಕೈ ಹಾಕಬೇಡಿ.

ಎರಡನೇ ಉಳಿತಾಯ ಮ್ಯಾಗಜೀನಿನಲ್ಲಿ. ಪ್ಲಾಸ್ಟಿಕ್ ಕೊಕ್ಕೆ, ಪ್ಲಾಸ್ಟಿಕ್ ತುಟಿ. ಚಳಿಯಲ್ಲಿ ಕೈಗವಸು ಹಾಕಿಕೊಂಡು ಒರಟಾಗಿ ತುರುಕಿದರೆ ಕೊಕ್ಕೆ ಮುರಿಯಬಹುದು. ರೈಫಲ್ ಕೊಳ್ಳುವ ದಿನವೇ ಇನ್ನೊಂದು ಮ್ಯಾಗಜೀನ್ ಕೊಂಡುಬಿಡಿ.

ಬೋಲ್ಟ್ ಎಳೆದಾಗ ಗರಗರ ಅನ್ನುತ್ತದೆ. ನಿಮ್ಮ ಟಿಕ್ಕಾದ ನುಣುಪಿಗೆ ಒಗ್ಗಿದ ಕೈಗೆ ಬೇಜಾರಾಗುವುದು ಖಂಡಿತ. ಇದರಿಂದ ಗುರಿಗೆ ಏನೂ ಆಗುವುದಿಲ್ಲ. ಸಂಜೆ ಟಿವಿ ನೋಡುತ್ತಾ ಖಾಲಿ ರೈಫಲ್ ಬೋಲ್ಟನ್ನು ಕೆಲವು ನೂರು ಸಲ ಹಿಂದೆಮುಂದೆ ಮಾಡಿ. ಎಷ್ಟೋ ಸುಧಾರಿಸುತ್ತದೆ. ಮನೆಯವರು ಬೈದರೆ ನಾನು ಜವಾಬ್ದಾರನಲ್ಲ.

ಇನ್ನು ಸ್ಕೋಪ್ ಸಮೇತ ಬರುವ ಪ್ಯಾಕೇಜ್. ಸುಮ್ನೆ ದುಡ್ಡು ಉಳಿಯಿತು ಅನ್ನಿಸುತ್ತದೆ. ಆದರೆ ಆ ಬೆಲೆಯಲ್ಲಿ ಸ್ಕೋಪಿನ ಪಾಲು ಎಷ್ಟಿರಬಹುದು, ಯೋಚಿಸಿ. ಸ್ಕೋಪ್ ಕೆಟ್ಟು ಸೀಸನ್ ಕಳೆದುಕೊಂಡವರು ಅದರಲ್ಲೇ ಉಳಿತಾಯ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. ಬರೀ ರೈಫಲ್ ಕೊಳ್ಳಿ. ಸ್ಕೋಪ್ ಬೇರೆ ಆರಿಸಿ.

ಕ್ಯಾಲಿಬರ್ (ನಳಿಗೆಯ ಒಳಅಳತೆ) ವಿಚಾರಕ್ಕೆ ಬಂದರೆ, .300 ಮ್ಯಾಗ್ನಂ ಅಂದ ಸ್ನೇಹಿತರ ಮಾತು ಬಿಟ್ಟುಬಿಡಿ. ಕೊಲರಾಡೊ ಕಾನೂನು ಎಲ್ಕ್‌ಗೆ ಕೇಳುವುದು ಕನಿಷ್ಠ .24 ಕ್ಯಾಲಿಬರ್, 85 ಗ್ರೇನ್ ತೂಕದ, ತಾಗಿದಾಗ ಬಿಚ್ಚಿಕೊಳ್ಳುವ ಗುಂಡು, 100 ಗಜದಲ್ಲಿ 1,000 ಫುಟ್-ಪೌಂಡ್ ಶಕ್ತಿ. ಸಾಮಾನ್ಯ 165 ಗ್ರೇನಿನ .308 ಗುಂಡು ಆ ದೂರದಲ್ಲಿ ಅದರ ಎರಡು ಪಟ್ಟಿಗಿಂತ ಜಾಸ್ತಿ ಹೊತ್ತಿರುತ್ತದೆ. ಎಲ್ಕ್ ನಮ್ಮ ಕಡವೆಗಿಂತ ಭಾರಿ ಪ್ರಾಣಿ, ನಿಜ. ಆದರೂ ಸರಿಯಾದ ಜಾಗಕ್ಕೆ, ಅಳತೆಯ ದೂರದಲ್ಲಿ ಬಿದ್ದ .308 ಸಾಕು. ತಪ್ಪು ಜಾಗಕ್ಕೆ ಬಿದ್ದ ಮ್ಯಾಗ್ನಂ ಸಾಲದು. ಮೇಲಾಗಿ ಈ ಅಗ್ಗದ ರೈಫಲ್‌ಗಳು ಹಗುರ. ಹಗುರವಾದ ಕೋವಿಯಲ್ಲಿ .300 ಮ್ಯಾಗ್ನಂನ ಒದೆತ .308ಗಿಂತ ಸುಮಾರು ಒಂದೂವರೆ ಪಟ್ಟು. ಎರಡು ಮೂರು ಈಡು ಆದ ಮೇಲೆ ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚತೊಡಗುತ್ತದೆ. ಅಭ್ಯಾಸ ಮಾಡದೆ ಇಟ್ಟುಬಿಡುತ್ತೀರಿ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು. ಕಾರಿನ ಸ್ಟೆಪ್ನಿ ಅದೇ ಅಳತೆಯದ್ದಿರಬೇಕು ಅಲ್ವಾ? ಸ್ಪೇರ್ ರೈಫಲ್ ಕೂಡ ಹಾಗೆಯೇ. ಎರಡೂ .308 ಆದರೆ ತೋಟಾ ಒಂದೇ ಪೆಟ್ಟಿಗೆಯಿಂದ. ಬೇರೆ ಬೇರೆ ಆದರೆ ಕತ್ತಲಲ್ಲಿ, ಚಳಿಗೆ ಮರಗಟ್ಟಿದ ಬೆರಳಲ್ಲಿ, ಯಾವುದೋ ಜೇಬಿನ ತೋಟಾ ಯಾವುದೋ ಕೋವಿಗೆ ಹೋಗುವ ಅಪಾಯ ಇದೆ. .300 ಬ್ಲಾಕೌಟ್ ತೋಟಾ .223 ಕೋವಿಯೊಳಗೆ ಕೂತು ಕೋವಿಯೇ ಸಿಡಿದ ಘಟನೆಗಳು ಈ ದೇಶದಲ್ಲಿ ಕೋವಿ ಹಿಡಿದವರಿಗೆಲ್ಲ ಗೊತ್ತು.

ಒಂದು ಎಚ್ಚರಿಕೆ ಮಾತ್ರ. ತೋಟಾ ಒಂದೇ ಆದರೂ ಎರಡು ನಳಿಗೆ ಒಂದೇ ತರಹ ಹೊಡೆಯುವುದಿಲ್ಲ. ಒಳಗಿನ ಸುರುಳಿ ಗೆರೆಗಳ ತಿರುವು ಬೇರೆ, ನಳಿಗೆಯ ಉದ್ದ ಬೇರೆ. ಟಿಕ್ಕಾಗೆ ಹಿಡಿಸಿದ ಬ್ರ್ಯಾಂಡ್ ಹೊಸದಕ್ಕೆ ಹಿಡಿಸದೇ ಇರಬಹುದು. ಬೇರೆ ಬೇರೆ ಬ್ರ್ಯಾಂಡಿನ ಎರಡು ಮೂರು ಪೆಟ್ಟಿಗೆ ತಂದು, ಎರಡೂ ರೈಫಲ್‌ನಲ್ಲಿ ಹೊಡೆದು, ಎರಡಕ್ಕೂ ಒಪ್ಪುವ ಒಂದನ್ನು ಆರಿಸಿ. ಇಪ್ಪತ್ತು ತೋಟಾದ ಪೆಟ್ಟಿಗೆಗೆ 40, 50 ಡಾಲರ್ ಹೋಗುತ್ತದೆ. ಈ ಖರ್ಚನ್ನು ರೈಫಲ್ ಬೆಲೆಯ ಜೊತೆಗೇ ಎಣಿಸಿಕೊಳ್ಳಿ. ಹೊಡೆಯುವಾಗ ನಳಿಗೆ ಆರಲು ಬಿಡಿ. ಈ ನಳಿಗೆಗಳು ತೆಳು. ಬಿಸಿಯಾದರೆ ಮೂರನೆಯದೋ ನಾಲ್ಕನೆಯದೋ ಗುಂಡು ಆಚೆ ಹೋಗುತ್ತದೆ. ಅದನ್ನು ನೋಡಿ ರೈಫಲ್ ಸರಿಯಿಲ್ಲ ಅಂತ ತೀರ್ಮಾನಿಸಬೇಡಿ. ಬೇಟೆಯಲ್ಲಿ ಲೆಕ್ಕಕ್ಕೆ ಬರುವುದು ತಣ್ಣಗಿನ ನಳಿಗೆಯ ಮೊದಲ ಈಡು. ಬೇರೆ ಬೇರೆ ದಿನ ಹೋಗಿ ಆ ಮೊದಲ ಈಡು ಎಲ್ಲಿ ಬೀಳುತ್ತದೆ ಅಂತ ಒಂದೇ ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ.

ಹಳೆಯ ರೆಮಿಂಗ್ಟನ್ 700 ಕೆಟ್ಟ ಸಲಹೆ ಅಲ್ಲ. 1962ರಿಂದ ಬಂದ ಮಾದರಿ, ಬಿಡಿಭಾಗ ಬೇಕಾದಷ್ಟು ಸಿಗುತ್ತದೆ. ಆದರೆ ನೋಡಿ ಕೊಳ್ಳಬೇಕು. ಎಕ್ಸ್-ಮಾರ್ಕ್ ಪ್ರೋ ಅನ್ನುವ ಟ್ರಿಗರ್ ಇರುವ, 2006ರಿಂದ 2014ರ ನಡುವೆ ತಯಾರಾದ ರೈಫಲ್‌ಗಳನ್ನು ಕಂಪನಿ 2014ರ ಏಪ್ರಿಲಿನಲ್ಲಿ ವಾಪಸ್ ಕರೆಯಿತು. ಟ್ರಿಗರ್ ಎಳೆಯದೆಯೇ ಈಡು ಹಾರುವ ಸಾಧ್ಯತೆ ಇತ್ತು. ಆ ಕಾಲದ ರೈಫಲ್ ಆದರೆ ದುರಸ್ತಿ ಆಗಿದೆಯೇ ಅಂತ ಖಚಿತ ಮಾಡಿಕೊಳ್ಳದೆ ದುಡ್ಡು ಕೊಡಬೇಡಿ.

ಯಾವ ಕಂಪನಿಯದ್ದೇ ಆಗಲಿ, ಹಳೆಯ ರೈಫಲ್ ಕೈಗೆ ಬಂದರೆ ಇಷ್ಟು ನೋಡಿ. ಖಾಲಿ ಇದೆ ಅಂತ ಕಣ್ಣಲ್ಲೂ ಬೆರಳಲ್ಲೂ ಖಚಿತ ಮಾಡಿಕೊಂಡು, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ತಿರುಗಿಸಿ, ಬೋಲ್ಟ್ ಮುಚ್ಚಿ. ಸೇಫ್ಟಿ ಹಾಕಿ ಟ್ರಿಗರ್ ಎಳೆಯಿರಿ, ಬಿಡಿ. ಈಗ ಟ್ರಿಗರ್ ಮುಟ್ಟದೆ ಸೇಫ್ಟಿ ತೆಗೆಯಿರಿ. ಕ್ಲಿಕ್ ಅಂದರೆ ಆ ಟ್ರಿಗರ್ ಅಪಾಯಕಾರಿ. ಬೋಲ್ಟನ್ನು ಜೋರಾಗಿ ಮುಚ್ಚಿದಾಗ ಕ್ಲಿಕ್ ಅಂದರೂ ಅಷ್ಟೇ. ನಳಿಗೆಯ ತುದಿಯ ಅಂಚಿನಲ್ಲಿ ಗಾಯ ಇದೆಯಾ ನೋಡಿ, ಗುಂಡು ಕೊನೆಗೆ ಮುಟ್ಟುವ ಜಾಗ ಅದು. ತೋಟಾ ಕೂರುವ ಅಂತರವನ್ನು ಗೇಜ್ ಹಾಕಿ ನೋಡಲು ಯಾವುದೇ ರಿಪೇರಿ ಅಂಗಡಿಗೆ ಹೆಚ್ಚು ಹೊತ್ತು ಬೇಡ. ಮಾರುವವರು ಪ್ರೀತಿಯಿಂದ ‘ನಾನೇ ತುಂಬಿದ ತೋಟಾ’ ಅಂತ ಒಂದು ಡಬ್ಬಿ ಕೊಟ್ಟರೆ ಥ್ಯಾಂಕ್ಸ್ ಹೇಳಿ, ಹೊಡೆಯಬೇಡಿ.

ಹಳೆಯದರಲ್ಲಿ ನನ್ನ ಆಯ್ಕೆ ಕೇಳಿದರೆ ಹೋವಾ 1500, ಇಲ್ಲವೇ ವೆದರ್‌ಬಿ ವ್ಯಾನ್‌ಗಾರ್ಡ್. ಎರಡರ ಆಕ್ಷನ್ನೂ ಜಪಾನಿನ ಹೋವಾ ಕಾರ್ಖಾನೆಯದ್ದೇ. ಭಾರ ಜಾಸ್ತಿ, ಅಷ್ಟೇ ಗಟ್ಟಿ. ಸ್ಪೇರ್ ಹೇಗೂ ಕ್ಯಾಂಪಿನಲ್ಲೇ ಇರುತ್ತದೆ, ಭಾರ ನಿಮಗೆ ಅಡ್ಡಿಯಾಗುವುದಿಲ್ಲ.

ಹೊಸದರಲ್ಲಿ ಮೂರು ಹೆಸರು ಸಾಕು. ರೂಗರ್ ಅಮೆರಿಕನ್ 2012ರಲ್ಲಿ ಬಂತು. ಸ್ಟಾಕಿನೊಳಗೆ ಎರಡು ಲೋಹದ ‘ವಿ’ ಆಕಾರದ ದಿಮ್ಮಿ ಇಟ್ಟು ಅದರ ಮೇಲೆ ಆಕ್ಷನ್ ಕೂರಿಸಿದ್ದಾರೆ. ಈ ಬೆಲೆಗೆ ಅದು ಜಾಣತನದ ಕೆಲಸ. ಟ್ರಿಗರ್ ಭಾರವನ್ನು, ಅಂದರೆ ಎಳೆಯಲು ಬೇಕಾದ ಬಲವನ್ನು, ಮನೆಯಲ್ಲೇ ಹೊಂದಿಸಿಕೊಳ್ಳಬಹುದು. ಬೋಲ್ಟ್ ಎತ್ತುವ ಕೋನ 70 ಡಿಗ್ರಿ. ನಿಮ್ಮ ಟಿಕ್ಕಾದ್ದೂ 70 ಡಿಗ್ರಿಯೇ, ಹಾಗಾಗಿ ಕೈಗೆ ಹೊಸದು ಅನ್ನಿಸುವುದಿಲ್ಲ. ಸ್ಯಾವೇಜ್ ಆಕ್ಸಿಸ್ ಇನ್ನೂ ಅಗ್ಗ. ಹಳೆಯ ಸಾದಾ ಆಕ್ಸಿಸ್‌ನ ಟ್ರಿಗರ್ ಬಲು ಭಾರ, ಆಕ್ಯುಟ್ರಿಗರ್ (ಸ್ಯಾವೇಜ್‌ನ ಹೊಂದಿಸಬಹುದಾದ ಟ್ರಿಗರ್) ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಮಾಸ್‌ಬರ್ಗ್ ಪೇಟ್ರಿಯಟ್‌ಗೆ ಮರದ ಸ್ಟಾಕ್ ಕೂಡ ಸಿಗುತ್ತದೆ. ಪ್ಲಾಸ್ಟಿಕ್ ಕಂಡರೆ ಆಗದವರಿಗೆ ಅದು ದಾರಿ.

ಥಾಂಪ್ಸನ್ ಸೆಂಟರ್ ಕಾಂಪಸ್ ಕೂಡ ಅಂಗಡಿಯಲ್ಲಿ ಉಳಿದ ಹಳೆಯ ಮಾಲು ಅಂತ ಕಡಿಮೆ ಬೆಲೆಗೆ ಕಣ್ಣಿಗೆ ಬೀಳಬಹುದು. ಚೆನ್ನಾಗಿಯೇ ಹೊಡೆಯುತ್ತದೆ. ಆದರೆ ಅದರ ಒಡೆತನ ಹೊಂದಿದ್ದ ಸ್ಮಿತ್ ಆ್ಯಂಡ್ ವೆಸನ್ 2021ರಲ್ಲಿ ಆ ವ್ಯವಹಾರವನ್ನೇ ಬಿಡುವುದಾಗಿ ಹೇಳಿತು. ಒಂದು ಮ್ಯಾಗಜೀನಿಗಾಗಿ ಊರೆಲ್ಲ ಹುಡುಕುವ ಪಾಡು ಸ್ಪೇರ್ ರೈಫಲ್‌ಗೆ ಬೇಡ.

ನಿಮ್ಮ ಜಾಗದಲ್ಲಿ ನಾನಿದ್ದರೆ .308ರ ರೂಗರ್ ಅಮೆರಿಕನ್ ತೆಗೆದುಕೊಳ್ಳುತ್ತಿದ್ದೆ. ಆದರೆ ಅದಕ್ಕೂ ಮುಂಚೆ ಇನ್ನೊಂದು ದಾರಿ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಸ್ಪೇರ್ ರೈಫಲ್ ಬದಲು ಸ್ಪೇರ್ ಸ್ಕೋಪ್. ಬೇಗ ಕಳಚುವ ರಿಂಗಿನಲ್ಲಿ ಎರಡನೇ ಸ್ಕೋಪ್ ಕೂರಿಸಿ, ನಿಮ್ಮ ಟಿಕ್ಕಾದ ಮೇಲೆಯೇ ಝೀರೋ ಮಾಡಿ, ಕಳಚಿ, ಪೆಟ್ಟಿಗೆಯಲ್ಲಿಡಿ. ಸ್ಕೋಪ್ ಬಡಿಸಿಕೊಂಡರೆ ಕ್ಯಾಂಪಿಗೆ ಬಂದು ಐದು ನಿಮಿಷದಲ್ಲಿ ಬದಲಿಸಿ, ಸುರಕ್ಷಿತ ಜಾಗದಲ್ಲಿ ಒಂದೆರಡು ಈಡು ಹೊಡೆದು ನೋಡಿಕೊಂಡು ಮತ್ತೆ ಹೊರಡಬಹುದು. ಕಳೆದ ವರ್ಷ ನಿಮ್ಮ ಬಳಿ ಇದೊಂದಿದ್ದರೆ ಸಾಕಿತ್ತು. ಖರ್ಚೂ ರೈಫಲ್‌ಗಿಂತ ಕಡಿಮೆ. ಇದರ ಮಿತಿ ಏನೆಂದರೆ, ಬಿದ್ದಾಗ ಸ್ಟಾಕೇ ಸೀಳಿದರೆ, ಬೋಲ್ಟ್ ಕಳೆದುಹೋದರೆ, ನಳಿಗೆಯೊಳಗೆ ಏನಾದರೂ ಸಿಕ್ಕಿಕೊಂಡರೆ ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು ದಾರಿ, ನಾಲ್ಕು ಜನ ಸ್ನೇಹಿತರ ಕ್ಯಾಂಪಿಗೆ ಒಂದೇ ಸ್ಪೇರ್. ಆದರೆ ದುಡ್ಡು ಕೂಡಿಸಿದರೂ ಅದು ಒಬ್ಬರ ಹೆಸರಿನಲ್ಲೇ ಇರಲಿ. ಎಲ್ಲರೂ ಬೇಟೆಗೆ ಮುಂಚೆ ಅದರಲ್ಲಿ ಹೊಡೆದು ಅಭ್ಯಾಸ ಮಾಡಿರಲಿ.

ಅಭ್ಯಾಸ ಯಾಕೆ ಅಂದರೆ, ಟಿಕ್ಕಾದ ಸೇಫ್ಟಿ ಬೋಲ್ಟಿನ ಬಲಬದಿಯಲ್ಲಿದೆ. ರೂಗರ್, ಸ್ಯಾವೇಜ್ ಎರಡರಲ್ಲೂ ಅದು ಸ್ಟಾಕಿನ ಮೇಲೆ, ಹೆಬ್ಬೆರಳಿನ ಕೆಳಗೆ. ಪ್ರಾಣಿ ಎದುರಿಗೆ ನಿಂತಾಗ ಹೆಬ್ಬೆರಳು ಹಳೆಯ ಜಾಗದಲ್ಲೇ ತಡಕಾಡುತ್ತದೆ. ಟಿಕ್ಕಾದ ಸೇಫ್ಟಿ ಬೋಲ್ಟನ್ನೂ ಹಿಡಿದುಕೊಳ್ಳುತ್ತದೆ. ಮೊದಲ ಪೀಳಿಗೆಯ ರೂಗರ್ ಅಮೆರಿಕನ್‌ನಲ್ಲಿ ಹಾಗಿಲ್ಲ. ಪೊದೆಯಲ್ಲಿ ನುಗ್ಗುವಾಗ ಬೋಲ್ಟಿನ ಹಿಡಿ ಸಿಕ್ಕಿ ಮೇಲೇಳಬಹುದು. ಆಗಾಗ ಕೈಯಾಡಿಸಿ ನೋಡಿಕೊಳ್ಳಬೇಕು.

ಕೊಳ್ಳುವ ದಿನದ ಲೆಕ್ಕ: ಕೊಲರಾಡೊದಲ್ಲಿ 2023ರ ಅಕ್ಟೋಬರಿನಿಂದ ಕೋವಿ ಕೈಗೆ ಬರಲು ಮೂರು ದಿನ ಕಾಯಬೇಕು. ಖಾಸಗಿಯವರಿಂದ ಹಳೆಯದು ಕೊಂಡರೂ ಡೀಲರ್ ಮೂಲಕ ಹಿನ್ನೆಲೆ ತಪಾಸಣೆ ಆಗಬೇಕು. ಸೀಸನ್ನಿನ ಹಿಂದಿನ ವಾರಕ್ಕೆ ಇಟ್ಟುಕೊಳ್ಳಬೇಡಿ. ಕಾರಿನಲ್ಲಿ ಬಿಟ್ಟುಹೋಗುವಾಗ ಹೊರಗೆ ಕಾಣದ ಹಾಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ, ಕಾರಿಗೂ ಬೀಗ ಇರಲಿ. 2025ರ ಜನವರಿಯಿಂದ ಇಲ್ಲಿ ಇದಕ್ಕೆ ಕಾನೂನೇ ಬಂದಿದೆ.

ಈಗ ನಿಮ್ಮ ತಮ್ಮನ ವಿಚಾರ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೊಡವರ ಮನೆಯಲ್ಲಿ ಕೋವಿ ಹೊಸದಲ್ಲ. ಕೈಲ್‌ಪೋಳ್ದ್ ದಿನ ಪೂಜೆಗಿಟ್ಟು, ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವನಿಗೆ ರೈಫಲ್ ಹಿಡಿಯಲು ಕಲಿಸಬೇಕಿಲ್ಲ ಅನ್ನಿಸಬಹುದು. ಊರಿನಲ್ಲಿ ಆಯುಧ ಕಾಯ್ದೆಯಿಂದ ನಿಮಗಿರುವ ವಿನಾಯಿತಿಗೆ ಇಲ್ಲಿ ಬೆಲೆಯಿಲ್ಲ. ವಿಸಿಟರ್ ವೀಸಾ ಆಗಲಿ, ಎಚ್-1ಬಿ ಆಗಲಿ, ವಲಸೆಯೇತರ ವೀಸಾದಲ್ಲಿ ಬಂದವರು ಕೋವಿ, ತೋಟಾ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಕೆಲವು ವಿನಾಯಿತಿಗಳಿವೆ. ನಿಮ್ಮ ತಮ್ಮನಿಗೆ ಅನ್ವಯಿಸುವುದು ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಅವನ ಹೆಸರಿನಲ್ಲಿರಬೇಕು. ಅದು ಅವನ ಕೈಗೆ ಬರುವ ಮೊದಲು ರೇಂಜಿನಲ್ಲಿ ‘ಒಂದೇ ಒಂದು ಈಡು ಹೊಡಿ ನೋಡೋಣ’ ಅಂತ ಕೊಡುವುದೂ ಬೇಡ. ಸಿಕ್ಕಿಬಿದ್ದರೆ ಅವನ ವೀಸಾ ಮಾತ್ರವಲ್ಲ, ಕೊಟ್ಟ ನಿಮ್ಮ ಗ್ರೀನ್ ಕಾರ್ಡಿಗೂ ಕಂಟಕ.

ಕೊಲರಾಡೊದಲ್ಲಿ 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಲೈಸೆನ್ಸ್ ಬೇಕಾದರೆ ಬೇಟೆ ಸುರಕ್ಷತೆಯ ತರಬೇತಿ ಆಗಿರಬೇಕು. ಹೊರಗಿನವರ ಎಲ್ಕ್ ಲೈಸೆನ್ಸಿಗೆ ನೂರಾರು ಡಾಲರ್ ಆಗುತ್ತದೆ. ಅವನು ಬರುವ ಮೊದಲೇ ಕೊಲರಾಡೊ ಪಾರ್ಕ್ಸ್ ಆ್ಯಂಡ್ ವೈಲ್ಡ್‌ಲೈಫ್ ಕಚೇರಿಗೆ ಫೋನ್ ಮಾಡಿ ದಾರಿ ಕೇಳಿಕೊಳ್ಳಿ. ಇಷ್ಟೆಲ್ಲ ಬೇಡ ಅನ್ನಿಸಿದರೆ ಅವನು ಕೋವಿ ಮುಟ್ಟದೆ ಜೊತೆಗೆ ಬರಲಿ, ಬೈನಾಕ್ಯುಲರ್ ಹಿಡಿಯಲಿ. ಕಿತ್ತಳೆ ಅಂಗಿ, ಟೋಪಿ ಮಾತ್ರ ಹಾಕಿಸಿ. ಎಚ್-1ಬಿಯಲ್ಲಿರುವ ಗೆಳೆಯರು ‘ನಿನ್ನ ಹೆಸರಲ್ಲಿ ನನಗೊಂದು ಕೊಂಡುಕೊಡು, ದುಡ್ಡು ನಾನು ಕೊಡ್ತೀನಿ’ ಅಂದರೂ ಒಪ್ಪಬೇಡಿ. ಅಂಗಡಿಯಲ್ಲಿ ತುಂಬುವ 4473 ಫಾರ್ಮ್‌ನಲ್ಲಿ ನಿಜವಾದ ಕೊಳ್ಳುವವರು ನೀವೇನಾ ಅಂತ ಕೇಳುತ್ತಾರೆ. ಸುಳ್ಳು ಬರೆದರೆ ಅದು ಕೇಂದ್ರ ಸರ್ಕಾರದ ಕೇಸು.

ಕೊನೆಯದಾಗಿ, ಜೊತೆಗೆ ಏನು ಕೊಳ್ಳಬೇಕು ಅಂತ ಕೇಳಿದ್ದಿರಿ. ಇನ್ನೊಂದು ಮ್ಯಾಗಜೀನ್, ಟಾರ್ಕ್ ಸ್ಕ್ರೂಡ್ರೈವರ್, ಸಾದಾ ಸ್ಲಿಂಗ್, ನಳಿಗೆ ಸ್ವಚ್ಛ ಮಾಡುವ ಹಗ್ಗ. ಬೈಪಾಡ್ ಬೇಡ, ಆ ಸ್ಟಾಕಿಗೆ ಅದು ಒಳ್ಳೆಯದಲ್ಲ. ನಳಿಗೆಯ ಬಾಯಿಗೆ ಹಿಮ ನುಗ್ಗದಂತೆ ಒಂದು ತುಂಡು ಇಲೆಕ್ಟ್ರಿಕ್ ಟೇಪ್ ಅಂಟಿಸಿ. ತೆಗೆಯದೆ ಹಾಗೇ ಹೊಡೆಯಬಹುದು, ಗುರಿಗೆ ತೊಂದರೆಯಿಲ್ಲ. ರಾತ್ರಿ ಎರಡೂ ರೈಫಲ್ ಖಾಲಿ ಮಾಡಿ, ಬೀಗ ಹಾಕಿ, ಹೊರಗಿನ ಚಳಿಯಲ್ಲೇ ಇಡಿ. ಬೆಚ್ಚಗಿನ ಡೇರೆಯೊಳಗೆ ತಂದರೆ ಲೋಹದ ಮೇಲೆ ನೀರು ಕೂರುತ್ತದೆ. ಬೆಳಗ್ಗೆ ಹೊರಗೆ ಒಯ್ದಾಗ ಅದೇ ನೀರು ಬೋಲ್ಟಿನೊಳಗೆ ಹೆಪ್ಪುಗಟ್ಟುತ್ತದೆ.